ಪಂದ್ಯ ಎಲ್ಲರೂ ನೋಡಿದ್ದಾರೆ, ಇನ್ನು ಬರೆಯುವುದೇನು?

ಪ್ರಶ್ನೆ: ನಾನು ಪತ್ರಿಕೋದ್ಯಮ ಓದುತ್ತಿದ್ದೇನೆ. ಕ್ರೀಡೆ ಅಂದ್ರೆ ಪ್ರಾಣ, ಬರೆಯುವುದು ಅದಕ್ಕಿಂತ ಇಷ್ಟ. ಆದರೆ ಯಾರನ್ನು ಕೇಳಿದರೂ ಒಂದೇ ಮಾತು. ಈಗ ಯಾರೂ ಓದಲ್ಲ, ಎಲ್ಲ ವಿಡಿಯೊ, ಮ್ಯಾಚ್ ರಿಪೋರ್ಟನ್ನು ಎಐ ಬರೆದುಕೊಡುತ್ತೆ, ಸುಮ್ನೆ ಎಡಿಟಿಂಗ್ ಕಲಿತು ರೀಲ್ಸ್ ಮಾಡು ಅಂತಾರೆ. ಸರ್, ಕ್ರೀಡಾ ಪತ್ರಿಕೋದ್ಯಮದಲ್ಲಿ ಚೆನ್ನಾಗಿ ಬರೆಯುವವರಿಗೆ ನಿಜವಾಗಿಯೂ ಬೆಲೆ ಉಳಿದಿದೆಯಾ?

ಉತ್ತರ: ಉಳಿದಿದೆ. ಆದರೆ ನಿಮ್ಮ ಪ್ರಶ್ನೆಯೊಳಗೆ ಎರಡು ಬೆಲೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಅವನ್ನು ಬಿಡಿಸಿ ನೋಡದಿದ್ದರೆ ತಲೆ ಕೆಡುತ್ತದೆ. ಒಂದು, ಓದುಗರು ಕೊಡುವ ಬೆಲೆ. ಇನ್ನೊಂದು, ಸಂಸ್ಥೆ ಕೊಡುವ ಸಂಬಳ. ಮೊದಲನೆಯದು ಇಳಿದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎರಡನೆಯದು ಇಳಿದಿದೆ, ಅದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳುವುದು ಸರಿಯಲ್ಲ. ಕ್ರೀಡಾ ಡೆಸ್ಕಿನಲ್ಲಿ ಕೂತು ಬೇರೆಯವರ ಕಾಪಿ ತಿದ್ದುತ್ತಲೇ ಬಂದವನು ನಾನು. ನನಗೆ ಇವೆರಡಕ್ಕಿಂತ ಜಾಸ್ತಿ ಚಿಂತೆ ಇರುವುದು ಇನ್ನೊಂದು ವಿಷಯದ ಬಗ್ಗೆ, ಹೊಸಬರು ಬರೆಯಲು ಕಲಿಯುವ ಜಾಗವೇ ಇಲ್ಲವಾಗುತ್ತಿರುವುದರ ಬಗ್ಗೆ.

ಮೊದಲು ಹಳೆಯ ಬೆಲೆ ಎಲ್ಲಿಂದ ಬಂದಿತ್ತು ಅಂತ ನೋಡೋಣ. 1983ರ ವಿಶ್ವಕಪ್‌ನಲ್ಲಿ, ಜೂನ್ 18ರಂದು ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಅಲ್ಲಿಂದ ಕಪಿಲ್ ದೇವ್ ಔಟಾಗದೆ 175 ಹೊಡೆದರು, 60 ಓವರ್‌ಗಳಲ್ಲಿ ತಂಡ 8 ವಿಕೆಟ್‌ಗೆ 266 ಮಾಡಿತು, 31 ರನ್‌ಗಳಿಂದ ಗೆದ್ದಿತು. ಆ ಇನಿಂಗ್ಸ್‌ನ ಟಿವಿ ದೃಶ್ಯ ಇಲ್ಲ. ನಮಗೆ ಗೊತ್ತಿರುವುದೆಲ್ಲ ಅಲ್ಲಿದ್ದವರು ಹೇಳಿದ್ದು, ಬರೆದದ್ದು. ಸ್ಕೋರ್‌ಕಾರ್ಡ್ ತೆಗೆದು ನೋಡಿದರೆ ಸೈಯದ್ ಕಿರ್ಮಾನಿ ಹೆಸರಿನ ಮುಂದೆ ಬರೀ 24 ಅಂತ ಇದೆ. ಆದರೆ ಕಪಿಲ್ ಜೊತೆ ಮುರಿಯದ ಒಂಬತ್ತನೇ ವಿಕೆಟ್‌ಗೆ 126 ರನ್ ಸೇರಿಸುವಾಗ ಬಂದ 24 ಅದು. ಆ ಸಂಖ್ಯೆಯ ತೂಕ ಎಷ್ಟು ಅಂತ ಹೇಳುವುದು ಬರೆಯುವವರ ಕೆಲಸವಾಗಿತ್ತು. ಕಣ್ಣಿಗೆ ಕಾಣದ್ದನ್ನು ಕಾಣಿಸುವುದು, ಅಷ್ಟೇ. ಓದುಗರಿಗೆ ಬೇರೆ ದಾರಿ ಇರಲಿಲ್ಲ, ಅದಕ್ಕೇ ಅದಕ್ಕೆ ಅಷ್ಟು ಬೆಲೆ.

ಈಗ ಆ ಕೆಲಸ ಹೋಯಿತು. ಟಿವಿ ಬಂದಾಗ ಅರ್ಧ ಹೋಗಿತ್ತು. 1993ರಲ್ಲಿ ಕ್ರಿಕ್‌ಇನ್ಫೊ ಶುರುವಾಗಿ ಎಸೆತ ಎಸೆತಕ್ಕೂ ಬರಹ ಸಿಗತೊಡಗಿದಾಗ ಇನ್ನಷ್ಟು ಹೋಯಿತು. ಈಗ ವಿಕೆಟ್ ಬಿದ್ದ ಕೆಲವೇ ಕ್ಷಣಗಳಲ್ಲಿ ಅದರ ಕ್ಲಿಪ್ ಫೋನಿನಲ್ಲಿರುತ್ತದೆ, ನಿಧಾನಗತಿಯಲ್ಲಿ, ನಾಲ್ಕು ಕೋನಗಳಿಂದ. ಹೀಗಿರುವಾಗ ಮರುದಿನ ಬೆಳಿಗ್ಗೆ 'ಟಾಸ್ ಗೆದ್ದು ಮೊದಲು ಬ್ಯಾಟ್ ಮಾಡಿದ ತಂಡ' ಅಂತ ಶುರುವಾಗುವ ವರದಿಯನ್ನು ಯಾರು ಯಾಕೆ ಓದಬೇಕು, ಹೇಳಿ? ಓದುಗರು ಬರವಣಿಗೆಯನ್ನು ಬಿಟ್ಟರು ಅಂತ ನಾವು ಬೇಜಾರು ಮಾಡಿಕೊಳ್ಳುತ್ತೇವೆ. ಅವರು ಬಿಟ್ಟದ್ದು ಗೊತ್ತಿರುವುದನ್ನೇ ಮತ್ತೆ ಕೇಳುವುದನ್ನು.

ಇನ್ನು ಎಐ ವಿಷಯ. ಇದೇನೂ ನಿನ್ನೆ ಮೊನ್ನೆ ಬಂದದ್ದಲ್ಲ. 2016ರಲ್ಲೇ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಅಮೆರಿಕದ ಮೈನರ್ ಲೀಗ್ ಬೇಸ್‌ಬಾಲ್ ಪಂದ್ಯಗಳ ವರದಿಗಳನ್ನು ಸಾಫ್ಟ್‌ವೇರ್‌ನಿಂದ ಬರೆಸಲು ಶುರುಮಾಡಿತ್ತು. ವರದಿಗಾರರು ಹೋಗುತ್ತಲೇ ಇರದ ಸಣ್ಣ ಪಂದ್ಯಗಳವು. ಅಂಕಿ ಅಂಶ ಕೊಟ್ಟರೆ ಅದು ವಾಕ್ಯ ಕಟ್ಟಿಕೊಡುತ್ತಿತ್ತು. ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ, ಏನೂ ಇಲ್ಲದ ಕಡೆ ಏನೋ ಒಂದು ಬಂತು. ಆದರೆ 2023ರ ಆಗಸ್ಟ್‌ನಲ್ಲಿ ಗ್ಯಾನೆಟ್ ಪತ್ರಿಕಾ ಸಂಸ್ಥೆ ಶಾಲಾ ಪಂದ್ಯಗಳಿಗೆ ಇಂಥದ್ದೇ ಪ್ರಯೋಗ ಮಾಡಿದಾಗ ಓಹಿಯೊದ ಒಂದು ಫುಟ್‌ಬಾಲ್ ವರದಿಯಲ್ಲಿ ಗೆದ್ದ ತಂಡದ ಅಡ್ಡಹೆಸರು ಇರಬೇಕಾದ ಕಡೆ 'ಗೆದ್ದ ತಂಡದ ಅಡ್ಡಹೆಸರು' ಅನ್ನುವ ಖಾಲಿ ಖಾನೆಯೇ ಹಾಗೇ ಪ್ರಕಟವಾಯಿತು. ಸೋತವರದ್ದೂ ಹಾಗೇ. ಜನ ಆಡಿಕೊಂಡರು, ಸಂಸ್ಥೆ ಅದನ್ನು ತಡೆಹಿಡಿಯಿತು. ಅವತ್ತು ಆಡಿದ ಆ ಮಕ್ಕಳನ್ನು ಯೋಚಿಸಿ. ಅವರ ಪಂದ್ಯದ ಸುದ್ದಿ ಪತ್ರಿಕೆಯ ಹೆಸರಿನಲ್ಲಿ ಬಂತು, ಆದರೆ ಅದನ್ನು ಹೊರಗೆ ಬಿಡುವ ಮೊದಲು ಒಬ್ಬ ಮನುಷ್ಯ ಓದಿ ನೋಡಿದ ಹಾಗೆ ಕಾಣುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲಿ. ಅಂಥ ತಾಂತ್ರಿಕ ತಪ್ಪುಗಳು ಸರಿಹೋಗುತ್ತವೆ, ಬಹುಪಾಲು ಸರಿಹೋಗಿವೆ ಕೂಡ. ವರದಿ ಅಂದರೆ ಸ್ಕೋರ್‌ಕಾರ್ಡನ್ನು ವಾಕ್ಯ ಮಾಡುವುದು ಅಂತ ಮಾಲೀಕರು ನಂಬಿಬಿಟ್ಟಿದ್ದಾರಲ್ಲ, ಅದು ಅಷ್ಟು ಸುಲಭಕ್ಕೆ ಸರಿಹೋಗುವುದಿಲ್ಲ.

ಅದೇ ವರ್ಷ ನವೆಂಬರ್‌ನಲ್ಲಿ ಇನ್ನೂ ಕೆಟ್ಟ ಸುದ್ದಿ ಬಂತು. 1954ರಿಂದ ನಡೆದುಕೊಂಡು ಬಂದ, ಒಳ್ಳೆಯ ಗದ್ಯಕ್ಕೆ ಹೆಸರಾದ ಅಮೆರಿಕದ ಪತ್ರಿಕೆ ಸ್ಪೋರ್ಟ್ಸ್ ಇಲಸ್ಟ್ರೇಟೆಡ್‌ನ ವೆಬ್‌ಸೈಟಿನಲ್ಲಿ ಇಲ್ಲದ ಲೇಖಕರ ಹೆಸರು, ಕಂಪ್ಯೂಟರ್ ಹುಟ್ಟಿಸಿದ ಮುಖ ಹಾಕಿ ಲೇಖನಗಳನ್ನು ಪ್ರಕಟಿಸಲಾಗಿದೆ ಅಂತ ಫ್ಯೂಚರಿಸಂ ಎಂಬ ಸುದ್ದಿತಾಣ ವರದಿ ಮಾಡಿತು. ಅವು ಹೊರಗಿನ ಕಂಪನಿಯಿಂದ ಬಂದ ಸರಕು ವಿಮರ್ಶೆಗಳು, ಎಐ ಬರೆದದ್ದಲ್ಲ ಅಂತ ಪ್ರಕಾಶಕರು ಹೇಳಿದರು. ಇರಲಿ. ಬೈಲೈನ್, ಲೇಖನದ ಜೊತೆ ಹಾಕುವ ಲೇಖಕರ ಹೆಸರು, ಅಂದರೆ 'ಇದಕ್ಕೆ ನಾನು ಜವಾಬ್ದಾರ' ಅಂತ ಒಬ್ಬ ಮನುಷ್ಯ ಮುಂದೆ ಬಂದು ನಿಲ್ಲುವುದು. ಆ ಜಾಗದಲ್ಲಿ ಇಲ್ಲದ ಮುಖ ಕೂರಿಸಿದರೆ ನಿಜವಾದ ಬೈಲೈನ್‌ಗಳ ಮೇಲೂ ಅನುಮಾನ ಬೀಳುತ್ತದೆ. 2024ರ ಜನವರಿಯಲ್ಲಿ ಅಲ್ಲಿನ ಸಿಬ್ಬಂದಿಗೆ ದೊಡ್ಡ ಸಂಖ್ಯೆಯಲ್ಲಿ ಕೆಲಸ ಹೋಗುವ ನೋಟಿಸ್ ಬಂತು.

ಹಾಗಾದರೆ ಬರವಣಿಗೆಗೆ ದುಡ್ಡೇ ಇಲ್ಲವಾ? ಇದೆ, ವಿಚಿತ್ರವಾದ ರೀತಿಯಲ್ಲಿ ಇದೆ. ದಿ ಅಥ್ಲೆಟಿಕ್ ಅನ್ನುವ ಕ್ರೀಡಾ ತಾಣ 2016ರಲ್ಲಿ ಶುರುವಾಗಿದ್ದು ಓದುಗರ ಚಂದಾ ನಂಬಿಕೊಂಡು. ಒಂದೊಂದು ತಂಡಕ್ಕೂ ಒಬ್ಬ ಒಳ್ಳೆ ವರದಿಗಾರರನ್ನು ಇಡೋಣ, ಆಳವಾಗಿ ಬರೆಯೋಣ, ಓದುಗರೇ ದುಡ್ಡು ಕೊಡುತ್ತಾರೆ ಅನ್ನುವುದು ಅವರ ಲೆಕ್ಕ. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು 55 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು. ಮುಂದಿನ ವರ್ಷವೇ ತನ್ನ ಸ್ವಂತ ಕ್ರೀಡಾ ವಿಭಾಗವನ್ನು ಮುಚ್ಚುವುದಾಗಿ ಹೇಳಿತು, ಅಲ್ಲಿದ್ದವರನ್ನು ಬೇರೆ ವಿಭಾಗಗಳಿಗೆ ಕಳಿಸಿತು. ಒಂದೇ ಸಂಸ್ಥೆ ಒಂದು ಕೈಯಲ್ಲಿ ಕ್ರೀಡಾ ಬರವಣಿಗೆಗೆ ಅಷ್ಟು ದುಡ್ಡು ಸುರಿಯಿತು, ಇನ್ನೊಂದು ಕೈಯಲ್ಲಿ ತನ್ನದೇ ಹೆಸರಾಂತ ಡೆಸ್ಕಿಗೆ ಬೀಗ ಹಾಕಿತು. ಇದನ್ನು ಹೇಗೆ ಓದಬೇಕು? ನಾನು ಓದುವುದು ಹೀಗೆ: ಎಲ್ಲರಿಗೂ ಎಲ್ಲದರ ಬಗ್ಗೆ ಸ್ವಲ್ಪ ಸ್ವಲ್ಪ ಹೇಳುವ ಕ್ರೀಡಾ ಪುಟಕ್ಕೆ ಬೆಲೆ ಹೋಯಿತು, ಕೆಲವರಿಗೆ ಒಂದರ ಬಗ್ಗೆ ಪೂರ್ತಿ ಹೇಳುವ ಬರಹಕ್ಕೆ ಬೆಲೆ ಬಂತು.

ಬರೀ ಪ್ರತಿಷ್ಠೆ ನಂಬಿಕೊಂಡರೂ ಆಗುವುದಿಲ್ಲ. ಇಎಸ್‌ಪಿಎನ್ 2011ರಲ್ಲಿ ತೆರೆದ ಗ್ರಾಂಟ್‌ಲ್ಯಾಂಡ್ ತಾಣವನ್ನು ಬರೆಯುವವರೆಲ್ಲ ಹೊಗಳಿದರು. 2015ರಲ್ಲಿ ಅದನ್ನು ಮುಚ್ಚಿದರು. ಅದಕ್ಕೆ ಹೋಲಿಸಿದರೆ ಡಿಫೆಕ್ಟರ್‌ನ ದಾರಿ ನನಗೆ ಹೆಚ್ಚು ಭರವಸೆ ಕೊಡುತ್ತದೆ. 2019ರಲ್ಲಿ ಡೆಡ್‌ಸ್ಪಿನ್ ಅನ್ನುವ ಅಮೆರಿಕದ ಕ್ರೀಡಾ ತಾಣದ ಆಡಳಿತ ಕ್ರೀಡೆ ಬಿಟ್ಟು ಬೇರೇನೂ ಬರೆಯಬೇಡಿ ಅಂದಾಗ ಅಲ್ಲಿನ ಬರಹಗಾರರು ಸಾಲುಸಾಲಾಗಿ ರಾಜೀನಾಮೆ ಕೊಟ್ಟರು. ಮರುವರ್ಷ ಅವರೇ ಸೇರಿ ತಮ್ಮದೇ ಒಡೆತನದಲ್ಲಿ ಡಿಫೆಕ್ಟರ್ ಶುರುಮಾಡಿದರು, ಅದು ಮುಖ್ಯವಾಗಿ ಓದುಗರ ಚಂದಾದಿಂದ ನಡೆಯುತ್ತದೆ. ದೊಡ್ಡ ಸಂಸ್ಥೆಯೇನಲ್ಲ. ಆದರೆ ಅಲ್ಲಿ ಬರೆಯುವವರ ಬೆಲೆಯನ್ನು ಓದುವವರು ನೇರವಾಗಿ ಕಟ್ಟುತ್ತಾರೆ.

ದೊಡ್ಡ ದುಡ್ಡು ಹರಿದದ್ದು ಮಾತ್ರ ವೇಗದ ಕಡೆಗೆ. ಏಡ್ರಿಯನ್ ವೊಜ್ನಾರೊವ್‌ಸ್ಕಿ ಅವರನ್ನೇ ನೋಡಿ. ವೃತ್ತಿ ಶುರುಮಾಡಿದ್ದು ಪತ್ರಿಕೆಯಲ್ಲಿ, ಅಂಕಣಕಾರರಾಗಿ ಹೆಸರು ಮಾಡಿದವರು. ಆದರೆ ಜಗತ್ತು ಅವರನ್ನು ಬಲ್ಲದ್ದು ಯಾವ ಬ್ಯಾಸ್ಕೆಟ್‌ಬಾಲ್ ಆಟಗಾರ ಯಾವ ತಂಡಕ್ಕೆ ಹೋಗುತ್ತಾನೆ ಅನ್ನುವುದನ್ನು ಎಲ್ಲರಿಗಿಂತ ಮೊದಲು ಹೇಳುವ ಒಂದೆರಡು ಸಾಲಿನ ಪೋಸ್ಟ್‌ಗಳಿಂದ. 2024ರ ಸೆಪ್ಟೆಂಬರ್‌ನಲ್ಲಿ ಅವರು ಇಎಸ್‌ಪಿಎನ್ ಬಿಟ್ಟು ತಾವು ಓದಿದ ಕಾಲೇಜಿನ ತಂಡದ ಜನರಲ್ ಮ್ಯಾನೇಜರ್ ಆದರು. ಆ ಸುದ್ದಿಗಳ ಹಿಂದೆ ದೊಡ್ಡ ಶ್ರಮ ಇದೆ, ನಾನು ಅದನ್ನು ಕಡಿಮೆ ಮಾಡುತ್ತಿಲ್ಲ. ಆದರೆ ಅಂಥ ಸುದ್ದಿಯ ಆಯಸ್ಸು ಎಷ್ಟು? ಹತ್ತು ನಿಮಿಷದಲ್ಲಿ ಅದು ಎಲ್ಲರ ಸುದ್ದಿ. ಉದ್ದದ ವರದಿಗೂ ಇದೇ ಗತಿ. ಒಬ್ಬರು ವಾರಗಟ್ಟಲೆ ಅಲೆದು ಬರೆದದ್ದರಿಂದ ಮುಖ್ಯವಾದ ಎರಡು ಸಾಲು ಎತ್ತಿ ಹತ್ತು ತಾಣಗಳು ತಮ್ಮ ಹೆಡ್‌ಲೈನ್ ಹಾಕುತ್ತವೆ, ಕ್ಲಿಕ್ ಅವರಿಗೆ ಹೋಗುತ್ತದೆ, ಈಗ ಆ ಕ್ಲಿಕ್ಕೂ ಬೇಡ, ಹುಡುಕಿದ ಪುಟದಲ್ಲೇ ಎಐ ಸಾರಾಂಶ ಬರುತ್ತದೆ. ಸಾರಾಂಶ ಮಾಡಿದರೆ ಏನೂ ಉಳಿಯದ ಬರಹ ಇಲ್ಲಿ ಬದುಕುವುದಿಲ್ಲ. ಸಾರಾಂಶ ಓದಿದ ಮೇಲೂ ಪೂರ್ತಿ ಓದಬೇಕು ಅನಿಸುವಂಥದ್ದು ಮಾತ್ರ ಬದುಕುತ್ತದೆ.

ಈಗ ನನ್ನ ನಿಜವಾದ ಚಿಂತೆಗೆ ಬರುತ್ತೇನೆ. ಹೊಸದೇನನ್ನೂ ಹೇಳದ ಆ ಮ್ಯಾಚ್ ರಿಪೋರ್ಟ್ ಇದೆಯಲ್ಲ, ಬರೆಯುವವರ ಗರಡಿ ಅದೇ ಆಗಿತ್ತು. ಉದ್ದದ ಲೇಖನ, ತನಿಖಾ ವರದಿ ಬರೆದು ಹೆಸರು ಮಾಡಿದವರಲ್ಲಿ ಬಹಳಷ್ಟು ಜನ ಮೊದಲು ಪಳಗಿದ್ದು ದಿನದಿನದ ವರದಿಯಲ್ಲಿ.

ಅಲ್ಲಿ ಏನು ಕಲಿಯುತ್ತಿದ್ದರು? 2005ರ ಮೇ 25, ಇಸ್ತಾಂಬುಲ್, ಚಾಂಪಿಯನ್ಸ್ ಲೀಗ್ ಫೈನಲ್. ವಿರಾಮದ ಹೊತ್ತಿಗೆ ಮಿಲಾನ್ 3, ಲಿವರ್‌ಪೂಲ್ 0. ಪ್ರೆಸ್ ಬಾಕ್ಸಿನಲ್ಲಿ ಕೂತವರಿಗೆ ಆಟ ಮುಗಿದ ತಕ್ಷಣ ಕಾಪಿ ಕಳಿಸಬೇಕು, ಹಾಗಾಗಿ ಅಷ್ಟು ಹೊತ್ತಿಗೆ ಯಾರೇ ಆದರೂ ಲಿವರ್‌ಪೂಲ್ ಸೋಲಿನ ಕಥೆ ಕಟ್ಟಲು ಶುರುಮಾಡಿರುತ್ತಾರೆ. ಆಮೇಲೆ ಆರು ನಿಮಿಷದ ಅಂತರದಲ್ಲಿ ಮೂರು ಗೋಲು, ಕೊನೆಗೆ ಪೆನಾಲ್ಟಿಯಲ್ಲಿ ಲಿವರ್‌ಪೂಲ್ ಗೆಲುವು. ಬರೆದದ್ದನ್ನೆಲ್ಲ ಕಿತ್ತುಹಾಕಬೇಕು. 2019ರ ಜುಲೈ 14ರಂದು ಲಾರ್ಡ್ಸ್‌ನಲ್ಲಿ, ಇಂಗ್ಲೆಂಡ್ ನ್ಯೂಜಿಲೆಂಡ್ ನಡುವಿನ ಕ್ರಿಕೆಟ್ ವಿಶ್ವಕಪ್ ಫೈನಲ್‌ನಲ್ಲಿ ಇನ್ನೂ ಕಷ್ಟ. ಎರಡೂ ತಂಡ 241, ಸೂಪರ್ ಓವರ್‌ನಲ್ಲೂ 15, 15. ಇಂಗ್ಲೆಂಡ್ ಗೆದ್ದದ್ದು ಹೆಚ್ಚು ಬೌಂಡರಿ ಹೊಡೆದವರಿಗೆ ಗೆಲುವು ಅನ್ನುವ ಆಗಿನ ನಿಯಮದಿಂದ, 26ಕ್ಕೆ 17. ಗಡಿಯಾರ ಓಡುತ್ತಿದೆ, ಡೆಸ್ಕಿನಿಂದ ಫೋನ್ ಬರುತ್ತಿದೆ, ನೀವು ಈ ನಿಯಮವನ್ನು ಅದು ಗೊತ್ತಿಲ್ಲದವರಿಗೂ ಅರ್ಥವಾಗುವ ಹಾಗೆ ಎರಡು ವಾಕ್ಯದಲ್ಲಿ ಹೇಳಬೇಕು, ಅದು ನ್ಯಾಯವೋ ಅಲ್ಲವೋ ಅನ್ನುವ ಪ್ರಶ್ನೆ ಎತ್ತಬೇಕು, ಸ್ಟೋಕ್ಸ್ ಬ್ಯಾಟಿಗೆ ತಗುಲಿ ಬೌಂಡರಿಗೆ ಹೋದ ಆ ಥ್ರೋ ಬಿಡಬಾರದು, ಸೋತವರನ್ನೂ ಮರೆಯಬಾರದು. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ? ಇದನ್ನು ನಿರ್ಧರಿಸಲು ನಿಮಗಿರುವುದು ಕೆಲವೇ ನಿಮಿಷ. ಹೀಗೆ ನೂರಾರು ಸಲ ಮಾಡಿದವರ ಕೈಗೆ ಒಂದು ಹದ ಬರುತ್ತದೆ. ಅದು ತರಗತಿಯಲ್ಲಿ ಬರುವುದಿಲ್ಲ. ನಾನು ಕಾಪಿ ನೋಡುವಾಗ ಮೊದಲ ಪ್ಯಾರಾದಲ್ಲೇ ಗೊತ್ತಾಗುತ್ತಿತ್ತು, ಇವರು ಡೆಡ್‌ಲೈನ್‌ನಲ್ಲಿ ಬೆಂದವರೋ ಅಲ್ಲವೋ ಅಂತ. ಬೆಂದವರ ಕಾಪಿಯಲ್ಲಿ ಕಡಿಯಲು ಏನೂ ಇರುತ್ತಿರಲಿಲ್ಲ.

ಈಗ ಸಣ್ಣ ಪಂದ್ಯದ ವರದಿ ಯಂತ್ರಕ್ಕೆ ಹೋದರೆ, ದೊಡ್ಡ ಪಂದ್ಯದ ವರದಿ ಏಜೆನ್ಸಿ ಕಾಪಿಯಲ್ಲೇ ಮುಗಿದರೆ, ಹೊಸಬರನ್ನು ಎಸಿ ರೂಮಿನಲ್ಲಿ ಕೂರಿಸಿ ಆಟಗಾರರ ಇನ್‌ಸ್ಟಾಗ್ರಾಂ ನೋಡಿ ಸುದ್ದಿ ಮಾಡು ಅಂದರೆ, ಇನ್ನು ಹತ್ತು ಹದಿನೈದು ವರ್ಷಕ್ಕೆ ದೊಡ್ಡ ಲೇಖನ ಬರೆಯುವವರು ಎಲ್ಲಿಂದ ಬರಬೇಕು? ಸಂಸ್ಥೆಗಳು ಇದರ ಲೆಕ್ಕ ಹಾಕುತ್ತಲೇ ಇಲ್ಲ. ಅವರಿಗೆ ಬೇಕಾದ ಬರಹಗಾರರು ರೆಡಿಯಾಗಿ ಸಿಗುತ್ತಾರೆ ಅಂದುಕೊಂಡಿದ್ದಾರೆ.

ಅಂಥ ಬರಹಗಾರರು ಯಾಕೆ ಬೇಕು ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. 2016ರ ಆಗಸ್ಟ್‌ನಲ್ಲಿ ಇಂಡಿಯಾನಾಪೊಲಿಸ್ ಸ್ಟಾರ್ ಅನ್ನುವ ಪತ್ರಿಕೆ, ಅಮೆರಿಕದ ಜಿಮ್ನಾಸ್ಟಿಕ್ಸ್ ಸಂಸ್ಥೆ ಕೋಚ್‌ಗಳ ವಿರುದ್ಧ ಬಂದ ಲೈಂಗಿಕ ದೌರ್ಜನ್ಯದ ದೂರುಗಳನ್ನು ಹೇಗೆ ಬದಿಗೆ ಸರಿಸಿತು ಅಂತ ಬರೆಯಿತು. ಆ ವರದಿಯಲ್ಲಿ ವೈದ್ಯ ಲ್ಯಾರಿ ನಾಸರ್ ಹೆಸರು ಇರಲೇ ಇಲ್ಲ. ಅದನ್ನು ಓದಿದ ಮಾಜಿ ಜಿಮ್ನಾಸ್ಟ್ ರೇಚಲ್ ಡೆನ್‌ಹೊಲ್ಯಾಂಡರ್ ಪತ್ರಿಕೆಗೆ ಬರೆದರು, ನನಗಾದದ್ದು ಕೋಚ್‌ನಿಂದಲ್ಲ, ತಂಡದ ವೈದ್ಯನಿಂದ ಅಂತ. ಸೆಪ್ಟೆಂಬರ್‌ನಲ್ಲಿ ನಾಸರ್ ಬಗ್ಗೆ ವರದಿ ಬಂತು. 2018ರಲ್ಲಿ ಶಿಕ್ಷೆಯ ವಿಚಾರಣೆಯಲ್ಲಿ 150ಕ್ಕೂ ಹೆಚ್ಚು ಮಂದಿ ತಮಗಾದದ್ದನ್ನು ಹೇಳಿದರು. ಗಮನಿಸಿ, ಮೊದಲ ವರದಿ ಓದಿ ಒಬ್ಬ ಹೆಣ್ಣುಮಗಳಿಗೆ 'ಇವರು ನನ್ನ ಮಾತು ಕೇಳುತ್ತಾರೆ' ಅಂತ ಅನಿಸಿತಲ್ಲ, ನಾನು ಚೆನ್ನಾಗಿ ಬರೆಯುವುದು ಅನ್ನುವುದು ಅದನ್ನೇ. ಅಲ್ಲಿ ಅಲಂಕಾರ ಕೆಲಸ ಮಾಡುವುದಿಲ್ಲ. ಯಾವುದು ದಾಖಲೆಯಲ್ಲಿದೆ, ಯಾವುದು ಆರೋಪ, ಯಾರ ಹೆಸರು ಹಾಕಬಹುದು, ನೊಂದವರ ಮಾತನ್ನು ಎಲ್ಲಿ ನಿಲ್ಲಿಸಬೇಕು, ಇವೆಲ್ಲ ಒಂದೊಂದು ಕ್ರಿಯಾಪದದ ಮೇಲೆ ನಿಂತಿರುತ್ತವೆ. ಸೈಕ್ಲಿಸ್ಟ್ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಉದ್ದೀಪನ ಮದ್ದು ತೆಗೆದುಕೊಂಡ ವಿಷಯದಲ್ಲಿ ಬ್ರಿಟನ್ನಿನ ಸಂಡೇ ಟೈಮ್ಸ್ ಅನುಮಾನ ಎತ್ತಿದ್ದಕ್ಕೆ ಮಾನನಷ್ಟ ಮೊಕದ್ದಮೆ ಎದುರಿಸಿ, ರಾಜಿ ಮಾಡಿಕೊಂಡು ದುಡ್ಡು ಕಟ್ಟಬೇಕಾಯಿತು. 2012ರಲ್ಲಿ ಅವರ ಏಳು ಟೂರ್ ಡಿ ಫ್ರಾನ್ಸ್ ಗೆಲುವುಗಳನ್ನು ಕಿತ್ತುಕೊಂಡ ಮೇಲೆ ಪತ್ರಿಕೆ ಆ ದುಡ್ಡಿಗಾಗಿ ಅವರ ಮೇಲೇ ದಾವೆ ಹೂಡಿತು. ನಡುವಿನ ಆ ವರ್ಷಗಳಲ್ಲಿ ಹಟ ಬಿಡದೆ ನಿಂತ ಪತ್ರಕರ್ತರ ಬೆಲೆಯನ್ನು ಯಾವ ಕ್ಲಿಕ್ ಲೆಕ್ಕವೂ ಹೇಳಲಾರದು.

ಎಲ್ಲರೂ ತನಿಖೆ ಮಾಡಬೇಕಿಲ್ಲ. ದಿನದ ಕೆಲಸದಲ್ಲೂ ಜಾಗ ಇದೆ. ಅಂಕಿ ಅಂಶ ಈಗ ಎಲ್ಲರ ಹತ್ತಿರ ಇದೆ, ಎಸೆತದ ವೇಗ, ತಿರುವು, ಎಷ್ಟು ಕಿಲೋಮೀಟರ್ ಓಡಿದರು, ಎಲ್ಲ. ಅದನ್ನು ಸುರಿಯುವವರು ಬಹಳ, ಅದರಿಂದ ಒಂದು ಮಾತು ತೆಗೆಯುವವರು ಕಡಿಮೆ. ಬೌಲರ್ ಅದೇ ವೇಗದಲ್ಲಿ ಹಾಕುತ್ತಿದ್ದಾನೆ, ಆದರೆ ಬ್ಯಾಟ್ಸ್‌ಮನ್ ಎರಡನೇ ಸ್ಪೆಲ್‌ನಲ್ಲಿ ಕ್ರೀಸಿನೊಳಗೆ ಅರ್ಧ ಹೆಜ್ಜೆ ಹಿಂದೆ ನಿಂತ, ಅದರಿಂದ ಬೌಲರ್ ತನ್ನ ಲೆಂಗ್ತ್ ಮರೆತ. ಇದನ್ನು ನೋಡಿ ಸರಳವಾಗಿ ಬರೆದರೆ, ಇಡೀ ಪಂದ್ಯ ಟಿವಿಯಲ್ಲಿ ನೋಡಿದವರೂ ಓದುತ್ತಾರೆ. ಅವರೇ ಹೆಚ್ಚು ಖುಷಿಯಿಂದ ಓದುತ್ತಾರೆ.

ಪ್ರಶ್ನೆ ಕೇಳುವುದೂ ಬರವಣಿಗೆಯೇ. 2021ರ ಫ್ರೆಂಚ್ ಓಪನ್‌ನಲ್ಲಿ ನವೊಮಿ ಒಸಾಕಾ ಪ್ರೆಸ್ ಮೀಟ್‌ಗೆ ಬರುವುದಿಲ್ಲ ಅಂದರು, 15,000 ಡಾಲರ್ ದಂಡ ಬಿತ್ತು, ಆಮೇಲೆ ಅವರು ಟೂರ್ನಿಯಿಂದಲೇ ಹಿಂದೆ ಸರಿದರು. ಆಗ ನಮ್ಮ ವೃತ್ತಿಯವರು ಬಹಳ ಕೋಪ ಮಾಡಿಕೊಂಡರು. ಆದರೆ 'ಸೋತಿದ್ದೀರಿ, ಹೇಗನಿಸುತ್ತಿದೆ' ಅಂತ ದಿನವೂ ಕೇಳಿಸಿಕೊಳ್ಳುವವರ ಕಡೆಯಿಂದ ಸ್ವಲ್ಪ ಯೋಚಿಸಬೇಕು. ಆಟಗಾರರಿಗೆ ಈಗ ತಮ್ಮದೇ ಚಾನೆಲ್ ಇದೆ, ಅಭಿಮಾನಿಗಳ ಜೊತೆ ಮಾತಾಡಲು ನಾವು ಬೇಕಿಲ್ಲ. ಅವರು ನಮ್ಮ ಜೊತೆ ಮಾತಾಡಬೇಕಾದರೆ ಇವರಿಗೆ ನನ್ನ ಆಟ ಅರ್ಥವಾಗುತ್ತದೆ ಅನ್ನುವ ನಂಬಿಕೆ ಬರಬೇಕು.

ಇನ್ನೊಂದು ಮಾತು, ಸ್ವಲ್ಪ ಕಟುವಾಗಿ ಹೇಳುತ್ತೇನೆ. ನಮ್ಮಲ್ಲಿ ಚೆನ್ನಾಗಿ ಬರೆಯುವುದು ಅಂದರೆ ಜೋರಾಗಿ ಬರೆಯುವುದು ಅಂದುಕೊಂಡವರು ಜಾಸ್ತಿ. ರಣರೋಚಕ ಪಂದ್ಯ, ಮಣ್ಣು ಮುಕ್ಕಿಸಿದರು, ಧೂಳೀಪಟ, ಅಬ್ಬರದ ಶತಕ, ಗೆಲುವಿನ ನಗೆ. ನಿಮ್ಮ ಬರಹದಲ್ಲಿ ಇವು ಇದ್ದರೆ ಇವತ್ತೇ ತೆಗೆಯಿರಿ. ಈ ಪದಗಳು ಯಾವ ಪಂದ್ಯಕ್ಕಾದರೂ ಹೊಂದುತ್ತವೆ, ಹಾಗಾಗಿ ಯಾವ ಪಂದ್ಯದ ಬಗ್ಗೆಯೂ ಏನೂ ಹೇಳುವುದಿಲ್ಲ. ಎಐಗೆ ತುಂಬಾ ಸುಲಭವಾಗಿ ಬರುವುದೂ ಇವೇ, ಏಕೆಂದರೆ ಅದು ಓದಿ ಕಲಿತದ್ದು ನಾವು ಬರೆದಿಟ್ಟದ್ದನ್ನು. ಇಂಥ ಬರವಣಿಗೆಗೆ ಬೆಲೆ ಹೋದದ್ದಕ್ಕೆ ನನಗೆ ದುಃಖ ಇಲ್ಲ.

ನೀವು ಏನು ಮಾಡಬಹುದು? ಎಡಿಟಿಂಗ್ ಖಂಡಿತ ಕಲಿಯಿರಿ, ನಿಮಗೆ ಹೇಳಿದವರು ಅದರ ಮಟ್ಟಿಗೆ ಸರಿ. ವಿಡಿಯೊಗೂ, ಪಾಡ್‌ಕಾಸ್ಟ್‌ಗೂ ಸ್ಕ್ರಿಪ್ಟ್ ಬೇಕು, ಒಳ್ಳೆ ಸ್ಕ್ರಿಪ್ಟ್ ಬರೆಯುವವರು ಅಲ್ಲೂ ಕಡಿಮೆ. ಮೊದಲ ಕೆಲವು ವರ್ಷ ಬರವಣಿಗೆ ಒಂದರಿಂದಲೇ ಜೀವನ ನಡೆಯುತ್ತದೆ ಅಂತ ಲೆಕ್ಕ ಹಾಕಬೇಡಿ, ಜೊತೆಗೆ ಇನ್ನೊಂದು ಆದಾಯ ಇಟ್ಟುಕೊಳ್ಳಿ. ಎಲ್ಲ ಕ್ರೀಡೆ ಬರೆಯುತ್ತೇನೆ ಅನ್ನಬೇಡಿ. ಒಂದನ್ನು ಹಿಡಿಯಿರಿ, ಅದರ ನಿಯಮ, ದುಡ್ಡು, ಆಡಳಿತ, ಗಾಯ, ತರಬೇತಿ ಎಲ್ಲ ತಿಳಿದುಕೊಳ್ಳಿ. ಕ್ಯಾಮೆರಾ ಹೋಗದ ಪಂದ್ಯಗಳಿಗೆ ಹೋಗಿ, ವಯೋಮಿತಿ ಟೂರ್ನಿ, ಮಹಿಳೆಯರ ಲೀಗ್, ಆಯ್ಕೆ ಟ್ರಯಲ್ಸ್. ಅಲ್ಲಿ ಏನು ನಡೆಯಿತು ಅಂತ ನೀವು ಹೇಳಿದರೇ ಜನಕ್ಕೆ ಗೊತ್ತಾಗುವುದು, ಹಳೆಯ ಬೆಲೆ ಅಲ್ಲಿ ಇನ್ನೂ ಹಾಗೇ ಇದೆ. ಇನ್ನು ಗರಡಿಯನ್ನು ಸಂಸ್ಥೆ ಕಟ್ಟಿಕೊಡುವುದಿಲ್ಲ ಅಂತಾದರೆ ನೀವೇ ಕಟ್ಟಿಕೊಳ್ಳಬೇಕು. ಪಂದ್ಯ ಮುಗಿದ ಇಪ್ಪತ್ತು ನಿಮಿಷದಲ್ಲಿ ನಾನೂರು ಪದ, ಯಾರೂ ಪ್ರಕಟಿಸದಿದ್ದರೂ ಬರೆಯಿರಿ. ಮರುದಿನ ಅದನ್ನು ಇನ್ನೂರಕ್ಕೆ ಇಳಿಸಿ, ಯಾವುದು ಹೋದರೆ ನಷ್ಟವಿಲ್ಲ ಅಂತ ಆಗ ಕಾಣುತ್ತದೆ.

ಒಂದು ಕ್ರೀಡೆ ಆಯ್ದುಕೊಂಡು ಅಂಥ ಒಂದು ವರದಿ ನನಗೆ ಕಳಿಸಿ, ತಿದ್ದದ ಮೊದಲ ಪ್ರತಿ ಮತ್ತು ಇಳಿಸಿದ ಪ್ರತಿ ಎರಡೂ. ಎಲ್ಲೆಲ್ಲಿ ಕಡಿಯುತ್ತಿದ್ದೆ ಅಂತ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.